ಎದೆಯ ಮೇಲಿನ ಹೆಸರು

ನಾವು ಬಾಡಿಗೆಗಿದ್ದ ಹಳೆಯ ವಠಾರದಲ್ಲಿ ಒಂದು ರಾತ್ರಿ ನಡೆದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಊಟ ಮುಗಿಸಿ ಎಲ್ಲರೂ ಹಾಸಿಗೆ ಬಿಡಿಸುವ ಹೊತ್ತು. ಎದುರು ಮನೆಯ ಬಾಗಿಲನ್ನು ಯಾರೋ ಬಡಿದರು. ನೋಡಿದರೆ ಪ್ಯಾಂಟು ಶರಟು ತೊಟ್ಟ ನಾಲ್ಕು ಜನ. ‘ಸ್ಟೇಷನ್ನಿನಿಂದ ಬಂದಿದ್ದೇವೆ, ಸ್ವಲ್ಪ ವಿಚಾರಿಸುವುದಿದೆ’ ಎಂದು ಹೇಳಿ ಆ ಮನೆಯ ಹುಡುಗನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು. ಅವನ ತಾಯಿ ಬೀದಿಯ ತಿರುವಿನವರೆಗೂ ಬರಿಗಾಲಿನಲ್ಲಿ ಓಡಿದರು.

ಮರುದಿನ ಆಕೆ ಊರಿನ ಎರಡೂ ಠಾಣೆಗಳಿಗೆ ಹೋದರು. ‘ಬಂದವರು ಯಾರು? ಹೆಸರು ಹೇಳಿ’ ಎಂದು ಅಲ್ಲಿ ಆಕೆಯನ್ನೇ ಕೇಳಿದರಂತೆ. ಹೆಸರು ಗೊತ್ತಿದ್ದರೆ ತಾನೇ ಹೇಳುವುದು? ಮೂರನೆಯ ದಿನ ಹುಡುಗ ತಾನಾಗಿಯೇ ನಡೆದು ಬಂದ. ಅದೇ ಹೆಸರಿನ ಇನ್ನೊಬ್ಬನನ್ನು ಹಿಡಿಯಲು ಹೋಗಿ ಇವನನ್ನು ಹಿಡಿದಿದ್ದರಂತೆ. ಪ್ರಕರಣ ಅಲ್ಲಿಗೇ ಮುಗಿಯಿತು. ಆದರೆ ಆ ತಾಯಿ ಮುಂದೆ ಎಷ್ಟೋ ವರ್ಷ, ಕತ್ತಲಾದ ಮೇಲೆ ಹಾಲಿನವನು ಬಾಗಿಲು ತಟ್ಟಿದರೂ ಬೆಚ್ಚಿಬೀಳುತ್ತಿದ್ದರು.

ಪೊಲೀಸರ ಜೇಬಿನ ಮೇಲಿನ ಹೆಸರಿನ ಪಟ್ಟಿಯನ್ನು ಕಂಡಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ. ಅಷ್ಟು ಚಿಕ್ಕ ಪಟ್ಟಿಗೆ ಅಷ್ಟೊಂದು ಬೆಲೆ ಇದೆಯೇ ಎಂದು ನೀವು ಕೇಳಬಹುದು. ಇತಿಹಾಸ ತಿರುವಿ ನೋಡಿದರೆ ಇದೆ ಅನ್ನಿಸುತ್ತದೆ.

ಲಂಡನ್ನಿನಲ್ಲಿ 1829ರಲ್ಲಿ ರಾಬರ್ಟ್ ಪೀಲ್ ಹೊಸ ಪೊಲೀಸ್ ಪಡೆ ಕಟ್ಟಿದಾಗ ಅಲ್ಲಿನ ಜನ ಅದನ್ನು ಸಂಶಯದಿಂದಲೇ ನೋಡಿದರು. ಸರ್ಕಾರ ತಮ್ಮ ನಡುವೆ ಗೂಢಚಾರರನ್ನು ಬಿಡುತ್ತಿದೆ ಎಂಬ ಭಯ ಅವರಿಗೆ. ಹಾಗಾಗಿ ಪೇದೆಗಳಿಗೆ ಎಲ್ಲರಿಗೂ ಗುರುತು ಸಿಗುವ ನೀಲಿ ಕೋಟು ತೊಡಿಸಿ, ಕಾಲರಿನ ಮೇಲೆ ವಿಭಾಗದ ಅಕ್ಷರ ಮತ್ತು ಸಂಖ್ಯೆ ಹಾಕಿದರು. ಯಾರ ಮೇಲೆ ದೂರು ಕೊಡಬೇಕೆಂಬುದು ಜನರಿಗೆ ತಿಳಿಯುವಂತಾಯಿತು.

ನಮ್ಮ ದೇಶ ಈ ಪಾಠವನ್ನು ಬಹಳ ದುಃಖಪಟ್ಟು ಕಲಿಯಿತು. ತುರ್ತು ಪರಿಸ್ಥಿತಿಯ ಕಾಲ. 1976ರ ಮಾರ್ಚ್ 1ರ ಬೆಳಗಿನ ಜಾವ ಕೇರಳದ ಕಲ್ಲಿಕೋಟೆಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದು ಕಕ್ಕಯಂ ಎಂಬಲ್ಲಿನ ಶಿಬಿರಕ್ಕೆ ಕರೆದೊಯ್ದರು. ಅವನ ತಂದೆ ಈಚರ ವಾರಿಯರ್ ಹಿಂದಿ ಪ್ರಾಧ್ಯಾಪಕರು. ಮಗನನ್ನು ಹುಡುಕಿಕೊಂಡು ಅವರು ಶಿಬಿರದ ಬಾಗಿಲಿಗೆ ಹೋದರು, ಅಧಿಕಾರಿಗಳ ಬಳಿಗೆ ಹೋದರು, ಮಂತ್ರಿಗಳ ಬಳಿಗೂ ಹೋದರು. ಎಲ್ಲಿಯೂ ಸರಿಯಾದ ಉತ್ತರ ಸಿಗಲಿಲ್ಲ. ಒಂದು ವರ್ಷ ಕಳೆದು, 1977ರಲ್ಲಿ ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ರಾಜನ್‌ನನ್ನು ಬಂಧಿಸಿಯೇ ಇಲ್ಲ ಎಂದು ಸರ್ಕಾರ ಹೇಳಿತು. ಸಹಪಾಠಿಗಳ ಮತ್ತು ಇತರರ ಸಾಕ್ಷ್ಯದಿಂದ ಆ ಮಾತು ನಿಲ್ಲಲಿಲ್ಲ. ಅವನು ಪೊಲೀಸರ ವಶದಲ್ಲೇ ಸತ್ತನೆಂಬುದು ಕೊನೆಗೂ ಹೊರಬಂತು. ರಾಜನ್ ಬಂಧನದ ಕಾಲದಲ್ಲಿ ಗೃಹಮಂತ್ರಿಯಾಗಿದ್ದು ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಮಗನ ದೇಹ ಮಾತ್ರ ತಂದೆಗೆ ಸಿಗಲೇ ಇಲ್ಲ. ತಾಯಿಯ ಮನಸ್ಸು ಆ ದುಃಖದಲ್ಲಿ ಕದಡಿಹೋಯಿತು.

1976ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೂ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಕರೆದೊಯ್ದು ಹಿಂಸಿಸಿದರು. ಮಗನಿಗಾಗಿ ದೂರು ಬರೆದವರು ತಾಯಿ ಆಲಿಸ್ ಫರ್ನಾಂಡಿಸ್. ಬಂಧನ ಎನ್ನುವುದು ಹಿಡಿದವನಿಗೂ ಹಿಡಿಸಿಕೊಂಡವನಿಗೂ ಸಂಬಂಧಪಟ್ಟ ವಿಷಯವೆಂದು ನಾವು ತಿಳಿಯುತ್ತೇವೆ. ಆದರೆ ಬಾಗಿಲಲ್ಲಿ ಉಳಿದವರೂ ಒಬ್ಬರಿರುತ್ತಾರೆ. ಹೆಚ್ಚಿನ ಸಲ ಅವರು ಹೆಂಗಸರೇ.

ತುರ್ತು ಪರಿಸ್ಥಿತಿ ಮುಗಿದರೂ ಲಾಕಪ್ ಸಾವುಗಳು ನಿಲ್ಲಲಿಲ್ಲ. 1986ರ ಆಗಸ್ಟಿನಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು ಇಂತಹ ಸಾವುಗಳ ಪತ್ರಿಕಾ ವರದಿಗಳನ್ನು ತೋರಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಕೋರ್ಟು ಆ ಕಾಗದವನ್ನೇ ಅರ್ಜಿಯಾಗಿ ಸ್ವೀಕರಿಸಿತು. ಹತ್ತು ವರ್ಷಗಳ ನಂತರ, 1996ರ ಡಿಸೆಂಬರ್ 18ರಂದು, ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಎ.ಎಸ್. ಆನಂದ್ ಅವರ ಪೀಠ ಹನ್ನೊಂದು ನಿಯಮಗಳನ್ನು ವಿಧಿಸಿತು. ಅವುಗಳಲ್ಲಿ ಮೊದಲನೆಯದೇ ಇದು: ಬಂಧಿಸುವವರು ಮತ್ತು ವಿಚಾರಣೆ ನಡೆಸುವವರು ತಮ್ಮ ಹೆಸರು, ಹುದ್ದೆ ಸ್ಪಷ್ಟವಾಗಿ ಕಾಣುವಂತೆ ಪಟ್ಟಿ ಧರಿಸಿರಬೇಕು. ಬಂಧನದ ಪತ್ರಕ್ಕೆ ಮನೆಯವರಾಗಲಿ ಆ ಬೀದಿಯ ಗೌರವಸ್ಥರಾಗಲಿ ಸಾಕ್ಷಿ ಹಾಕಬೇಕು, ಬಂಧುವಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು ಎಂಬುವು ಆಮೇಲೆ ಬರುತ್ತವೆ. ಈ ನಿಯಮಗಳನ್ನು ಆಕಾಶವಾಣಿ, ದೂರದರ್ಶನಗಳಲ್ಲಿ ಪ್ರಸಾರ ಮಾಡುವುದು, ಆಯಾ ಭಾಷೆಯಲ್ಲಿ ಕರಪತ್ರ ಹಂಚುವುದು ಒಳ್ಳೆಯದೆಂದೂ ನ್ಯಾಯಮೂರ್ತಿಗಳು ಹೇಳಿದ್ದರು. ನನಗಂತೂ ಅಂತಹ ಕರಪತ್ರ ಒಂದೂ ಕಣ್ಣಿಗೆ ಬಿದ್ದಿಲ್ಲ.

2008ರ ತಿದ್ದುಪಡಿಯ ಮೂಲಕ ಇದು ಕಾನೂನಿನ ಪುಸ್ತಕವನ್ನೇ ಸೇರಿತು. 2010ರ ನವೆಂಬರ್ 1ರಿಂದ ಜಾರಿಗೆ ಬಂತು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೂ ಅದೇ ಮಾತಿದೆ.

ನನ್ನ ಗೆಳತಿಯ ಮಗಳು ಪೊಲೀಸ್ ಇಲಾಖೆಯಲ್ಲಿದ್ದಾಳೆ. ಒಮ್ಮೆ ಅವಳ ಮುಂದೆ ಈ ಮಾತೆತ್ತಿದಾಗ ಅವಳು ನಗಲಿಲ್ಲ. ‘ಆಂಟಿ, ದೊಡ್ಡ ರೌಡಿಯನ್ನು ಹಿಡಿಯುವಾಗ ಎದೆಯ ಮೇಲೆ ಹೆಸರು ಹಾಕಿಕೊಂಡು ಹೋದರೆ ನಾಳೆ ಅವನ ಕಡೆಯವರು ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ನಮಗೂ ಮಕ್ಕಳಿಲ್ಲವೇ?’ ಎಂದಳು. ಅವಳ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಅವಳೂ ಒಬ್ಬ ತಾಯಿಯೇ.

ಆದರೂ ಯೋಚಿಸಿ ಅವಳಿಗೆ ಹೇಳಿದೆ: ಸುಳಿವು ಹುಡುಕಲು ನೀನು ಮಫ್ತಿಯಲ್ಲಿ ಸಂತೆಯಲ್ಲಿ ನಿಲ್ಲು, ಯಾರೂ ಬೇಡವೆನ್ನುವುದಿಲ್ಲ. ಆದರೆ ಒಬ್ಬನ ತೋಳಿಗೆ ಕೈಹಾಕಿದ ಗಳಿಗೆಯಲ್ಲಿ ನೀನು ನೀನಾಗಿ ಉಳಿಯುವುದಿಲ್ಲ, ಸರ್ಕಾರವಾಗುತ್ತೀಯೆ. ಸರ್ಕಾರ ಮುಖ ಮುಚ್ಚಿಕೊಂಡು ಬಾಗಿಲಿಗೆ ಬರಬಾರದು. ಅಪಾಯವಿದ್ದರೆ ನಿನಗೆ ರಕ್ಷಣೆ ಕೊಡುವುದು ಇಲಾಖೆಯ ಹೊಣೆ. ಆ ಹೊಣೆಯನ್ನು ಬಾಗಿಲಲ್ಲಿ ನಿಂತ ಹೆಂಗಸಿನ ತಲೆಗೆ ಕಟ್ಟಬಾರದು.

ಹೆಸರಿನ ಪಟ್ಟಿ ನಿಜವಾದ ಪೊಲೀಸರಿಗೂ ರಕ್ಷೆಯೇ. ‘ಮುಂದೆ ಗಲಾಟೆಯಾಗಿದೆ, ನಾವು ಪೊಲೀಸರು, ಒಡವೆ ಬಿಚ್ಚಿ ಪೇಪರಿನಲ್ಲಿ ಕಟ್ಟಿಕೊಡಿ’ ಎಂದು ಮಾಂಗಲ್ಯದ ಸರ ಲಪಟಾಯಿಸುವ ಕಳ್ಳರ ಕಥೆ ನಮ್ಮ ಎಲ್ಲ ಊರುಗಳಲ್ಲೂ ಇದೆ. ಈಗ ಫೋನಿನಲ್ಲೇ ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎಂದು ಹೆದರಿಸಿ ಹಣ ಕೀಳುವವರೂ ಬಂದಿದ್ದಾರೆ. ಅಂತಹ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪೊಲೀಸ್ ಎಂದೊಡನೆ ಪ್ರಶ್ನೆ ಕೇಳದೆ ನಡುಗುವುದನ್ನು ನಾವು ಕಲಿತಿರುವುದೇ ಈ ಕಳ್ಳರ ಬಂಡವಾಳ.

ಆದ್ದರಿಂದ ಕೇಳುವುದನ್ನು ಕಲಿಯೋಣ. ಗದ್ದಲ ಬೇಡ, ಅಡ್ಡಗಟ್ಟುವುದೂ ಬೇಡ. ನಿಮ್ಮ ಹೆಸರೇನು, ಯಾವ ಠಾಣೆ, ಯಾವ ಕಾರಣಕ್ಕೆ, ಬಂಧನದ ಪತ್ರ ಎಲ್ಲಿದೆ ಎಂದು ಮೆಲುದನಿಯಲ್ಲೇ ಕೇಳಬಹುದು. ಹೆಂಗಸರನ್ನಾದರೆ, ವಿಶೇಷ ಸಂದರ್ಭ ಬಿಟ್ಟು, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಬಂಧಿಸುವಂತಿಲ್ಲ. ವಿಶೇಷ ಸಂದರ್ಭದಲ್ಲೂ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಇದೂ ನೆನಪಿರಲಿ.

ಎದುರು ಮನೆಯ ಆ ತಾಯಿ ಈಗಿಲ್ಲ. ಆ ರಾತ್ರಿ ಆಕೆಗೆ ಒಂದು ಹೆಸರು ಸಿಕ್ಕಿದ್ದರೆ ಮಗ ಮನೆಯಲ್ಲೇ ಉಳಿಯುತ್ತಿದ್ದನೋ ಇಲ್ಲವೋ, ಹೇಳಲಾರೆ. ಆದರೆ ಬೆಳಗಾದ ಮೇಲೆ ಯಾವ ಬಾಗಿಲು ತಟ್ಟಬೇಕೆಂದು ಆಕೆಗೆ ತಿಳಿದಿರುತ್ತಿತ್ತು.