ಹಿಮಕ್ಕೂ ಸಾಯದ ನೆರಡಿ ಬೀಜಕಣ

ಮಂಡ್ಯ ಜಿಲ್ಲೆಯ ಯಲಿಯೂರಿನಲ್ಲಿ ಮಾಗಿಯ ಚಳಿ ಎಷ್ಟೇ ಬಿದ್ದರೂ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಹಿಮನಾಡುಗಳಲ್ಲಿ ನೆರಡಿ ರೋಗದ ಬೀಜಕಣಗಳನ್ನು ನಾಶಮಾಡಲು ಪಟ್ಟ ಪಾಡು ಇಲ್ಲಿನ ಕುರಿ, ದನ ಸಾಕುವವರಿಗೂ ತಿಳಿದಿರಬೇಕು.

ಬೀಜಕಣದ ಗುಟ್ಟು

ನೆರಡಿ ಅಥವಾ ಆಂಥ್ರಾಕ್ಸ್‌ಗೆ ಕಾರಣ ಬ್ಯಾಸಿಲಸ್ ಆಂಥ್ರಾಸಿಸ್ ಎಂಬ ಬ್ಯಾಕ್ಟೀರಿಯಾ. ಸತ್ತ ಪ್ರಾಣಿಯ ರಕ್ತಕ್ಕೆ ಗಾಳಿ ತಾಗಿದಾಗ ಅದು ಗಟ್ಟಿ ಪದರಗಳ ಬೀಜಕಣವಾಗುತ್ತದೆ. ಅದರ ತಿರುಳಿನಲ್ಲಿ ನೀರು ಬಹಳ ಕಡಿಮೆ. ಕ್ಯಾಲ್ಸಿಯಂ ಮತ್ತು ಡೈಪಿಕೊಲಿನಿಕ್ ಆಮ್ಲ ಅದನ್ನು ಕಾಯುತ್ತವೆ. ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುವ ಈ ಕಣವನ್ನು ಹಿಮ ಕೊಲ್ಲುವುದಿಲ್ಲ, ಕಾಪಿಡುತ್ತದೆ.

ಕೊರೆವ ಚಳಿಯಲ್ಲಿ ಶುದ್ಧೀಕರಣ

ಚಳಿ ಹೆಚ್ಚಿದಷ್ಟೂ ಬ್ಲೀಚ್, ಫಾರ್ಮಾಲ್ಡಿಹೈಡ್, ಪೆರಾಸೆಟಿಕ್ ಆಮ್ಲಗಳ ಕೆಲಸ ನಿಧಾನವಾಗುತ್ತದೆ. ದ್ರಾವಣವೇ ಹೆಪ್ಪುಗಟ್ಟಿದರೆ ಔಷಧ ಕಣವನ್ನು ಮುಟ್ಟುವುದೇ ಇಲ್ಲ. ಕ್ಲೋರಿನ್ ಡೈಆಕ್ಸೈಡ್ ಅನಿಲಕ್ಕೆ ಬೆಚ್ಚನೆಯ, ತೇವದ ಗಾಳಿ ಬೇಕು. ಆದ್ದರಿಂದ ದ್ರಾವಣ ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್‌ನಂಥ ಲವಣ ಬೆರೆಸುವುದು, ಔಷಧ ಹೆಚ್ಚು ಹೊತ್ತು ತಾಗಿರುವಂತೆ ನೋಡಿಕೊಳ್ಳುವುದು, ಜಾಗಕ್ಕೆ ಗುಡಾರ ಹೊದಿಸಿ ಬಿಸಿಮಾಡುವುದು ತಜ್ಞರು ಹಿಡಿಯುವ ದಾರಿಗಳು.

ಎರಡು ಪಾಠಗಳು

ಎರಡನೇ ಮಹಾಯುದ್ಧದ ವೇಳೆ, 1942ರಲ್ಲಿ, ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ ಬ್ರಿಟನ್ ಆಂಥ್ರಾಕ್ಸ್ ಪ್ರಯೋಗ ನಡೆಸಿತು. ನಾಲ್ಕು ದಶಕ ಕಳೆದರೂ ಆ ಮಣ್ಣು ಶುದ್ಧವಾಗಲಿಲ್ಲ. 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿನಲ್ಲಿ ಬೆರೆಸಿ ಸಿಂಪಡಿಸಲಾಯಿತು. ದ್ವೀಪ ಸುರಕ್ಷಿತವೆಂದು ಘೋಷಣೆಯಾದದ್ದು 1990ರಲ್ಲಿ.

2016ರ ಬೇಸಿಗೆಯಲ್ಲಿ ಸೈಬೀರಿಯಾದ ಯಮಾಲ್‌ನಲ್ಲಿ ನೆರಡಿ ಮತ್ತೆ ಕಾಣಿಸಿಕೊಂಡಿತು. ಅದಕ್ಕೂ ಮುಂಚೆ ಅಲ್ಲಿ ರೋಗ ಬಂದಿದ್ದು 1941ರಲ್ಲಿ. ಅಸಾಮಾನ್ಯ ಸೆಕೆಗೆ ಹಿಮನೆಲ ಕರಗಿ ಹಳೆಯ ಕಣಗಳು ಮೇಲೆ ಬಂದವೆಂಬುದು ತಜ್ಞರ ಮುಖ್ಯ ವಿವರಣೆ. ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು, ಒಬ್ಬ ಬಾಲಕನೂ ತೀರಿಕೊಂಡ. ಕಳೇಬರಗಳನ್ನು ಸುಡಲು ಸೈನ್ಯವೇ ಬರಬೇಕಾಯಿತು.

ನಮ್ಮ ಹಟ್ಟಿಯಲ್ಲಿ

ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಗೆ ಹೆಸರಾದ ಜಿಲ್ಲೆ ಇದು. ಕುರಿಯಾಗಲಿ, ದನವಾಗಲಿ ಇದ್ದಕ್ಕಿದ್ದಂತೆ ಸತ್ತು ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದರೆ ನೆರಡಿಯೆಂದು ಶಂಕಿಸಬೇಕು. ಕಳೇಬರ ಕೊಯ್ಯಬಾರದು, ಚರ್ಮ ಸುಲಿಯಬಾರದು; ಕೊಯ್ದರೆ ಬೀಜಕಣಗಳು ಹುಟ್ಟಲು ನಾವೇ ದಾರಿ ಮಾಡಿಕೊಟ್ಟಂತೆ. ಮಾಂಸವನ್ನು ಫ್ರಿಜ್‌ನಲ್ಲಿಟ್ಟರೂ ಅಪಾಯ ತಪ್ಪದು. ಪೂರ್ತಿ ಸುಡುವುದು ಮೇಲು, ಆಗದಿದ್ದರೆ ಆಳವಾಗಿ ಹೂಳಬೇಕು. ಕ್ಯಾಲ್ಸಿಯಂ ಕಣಗಳ ಉಳಿವಿಗೆ ನೆರವಾಗಬಹುದೆಂಬ ಕಾರಣಕ್ಕೆ, ಹೂಳುವಾಗ ಸುಣ್ಣ ಬೇಡವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ನೆರಡಿ ಲಸಿಕೆ ತಯಾರಿಸುತ್ತದೆ. ರೋಗ ಬಂದುಹೋದ ಊರುಗಳಲ್ಲಿ ಪ್ರತಿವರ್ಷ ಲಸಿಕೆ ಹಾಕಿಸಬೇಕು. ಒಮ್ಮೆ ಮಣ್ಣು ಸೇರಿದ ಬೀಜಕಣವನ್ನು ತೆಗೆಯುವುದು ದೊಡ್ಡ ದೇಶಗಳಿಗೇ ದಶಕಗಳ ಕೆಲಸವಾಯಿತು. ಅದು ಮಣ್ಣು ಸೇರದಂತೆ ತಡೆಯುವುದು ರೈತರ ಕೈಯಲ್ಲೇ ಇದೆ. ಅನುಮಾನ ಬಂದ ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.