ಬೆಳಗಾವಿಯ ಲಿಂಗರಾಜ ಕಾಲೇಜು

ಶ್ರೀ ಹಾನಗಲ್ಲ ಕುಮಾರ ಶಿವಯೋಗಿಗಳ ಸತ್ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಗೆ ಪ್ರಥಮಾಧ್ಯಕ್ಷರಾದವರು ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯರು. ಸಂತಾನವಿಲ್ಲದ ಆ ಮಹನೀಯರು ತಮ್ಮ ಐಶ್ವರ್ಯವನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು.

ಧನವೊಂದಿದ್ದರೆ ಶಾಲೆ ನಡೆಯುವುದೇ? ದುಡಿಯುವವರು ಬೇಕು. 1916ನೆಯ ನವೆಂಬರ 13ರಂದು ಬೆಳಗಾವಿಯಲ್ಲಿ ಏಳು ಜನ ಮಹನೀಯರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಅವರಲ್ಲಿ ಬಸವನಾಳ, ಸಾಖರೆಯವರಂಥ ಪಂಡಿತರಿಗೆ ಸರಕಾರದ ನೌಕರಿಯೇನೂ ದುರ್ಲಭವಾಗಿರಲಿಲ್ಲ. ಪಾಠ ಹೇಳುವುದನ್ನೇ ದಾಸೋಹವೆಂದು ಬಗೆದರು. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದುದು ಬರಿಯ ಸ್ತುತಿಯಲ್ಲ.

ಶಾಲೆಯಿಂದ ಮೊದಲಾದ ಆ ಕಾರ್ಯವು ಕಾಲೇಜಿನ ಮಟ್ಟಕ್ಕೇರಲು ಹದಿನೇಳು ವರ್ಷ ಹಿಡಿಯಿತು. ಧಾರವಾಡ, ಪುಣೆಗಳಲ್ಲಿದ್ದು ಓದುವ ವೆಚ್ಚ ಬಡ ಒಕ್ಕಲಿಗನ ಮಗನಿಗೆ ಎಟುಕುವಂತಹುದೆ? 1933ರಲ್ಲಿ ದೇಸಾಯರ ಪುಣ್ಯನಾಮದಿಂದಲೇ ಲಿಂಗರಾಜ ಕಾಲೇಜು ಬೆಳಗಾವಿಯಲ್ಲಿ ತೆರೆಯಿತು. ಅದೇ ಸಂಸ್ಥೆಯಿಂದ 1947ರಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜೂ 1963ರಲ್ಲಿ ಬೆಳಗಾವಿಯ ವೈದ್ಯಕೀಯ ಕಾಲೇಜೂ ಉದಿಸಿದವು.