ಪ್ರಾರ್ಥನೆಯ ಜಾವಗಳು

ಇಟ್ಟಂಗಿಹಾಳದ ಒಕ್ಕಲಿಗನಿಗೆ ಹೊತ್ತನ್ನರಿಯಲು ಗಡಿಯಾರವು ಎಂದೂ ಬೇಕಾಗಿದ್ದಿಲ್ಲ. ಬೆಳ್ಳಿ ಮೂಡಿದಾಗ ಎದ್ದು ಎತ್ತುಗಳಿಗೆ ಮೇವು ಹಾಕುವದು, ನೆರಳು ಕಾಲ ಬುಡಕ್ಕೆ ಬಂದಾಗ ಬುತ್ತಿಯನ್ನು ಬಿಚ್ಚುವದು, ದನಗಳು ಮರಳುವ ಗೋಧೂಳಿಯಲ್ಲಿ ದೀಪ ಹಚ್ಚುವದು, ಇಷ್ಟರಲ್ಲಿ ದಿನದ ಲೆಕ್ಕವು ಮುಗಿಯುತ್ತಿದ್ದಿತು. ಇಷ್ಟಲಿಂಗದ ಪೂಜೆ, ತ್ರಿಕಾಲ ಸಂಧ್ಯಾವಂದನೆ, ಸಮೀಪದ ವಿಜಯಪುರದ ಜಾಮಿ ಮಸೀದಿಯಲ್ಲಿ ಐದು ಹೊತ್ತಿನ ನಮಾಜು, ಇವೆಲ್ಲವೂ ಇದೇ ಸೂರ್ಯನ ನಡಿಗೆಗೆ ಕಟ್ಟುಬಿದ್ದವು. ಯೆಹೂದ್ಯರಲ್ಲಿಯೂ ಕ್ರೈಸ್ತರಲ್ಲಿಯೂ ಇಂತಹವೇ ನಿಯತವಾದ ಪ್ರಾರ್ಥನೆಯ ಜಾವಗಳುಂಟು. ಅವು ಎಂಟುನೂರು ವರ್ಷಗಳಿಗಿಂತಲೂ ಹಿಂದೆಯೇ ಕನ್ನಡನಾಡಿನ ಕರಾವಳಿಯನ್ನು ಮುಟ್ಟಿದ ಸಂಗತಿಯು ಮಾತ್ರ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಯೆರೂಸಲೇಮಿನ ದೇವಾಲಯದಲ್ಲಿ ದಿನಾಲು ಮುಂಜಾನೆಗೊಂದು, ಸಂಜೆಯ ಮುಂಚೆ ಒಂದು ಕುರಿಮರಿಯ ಬಲಿಯು ನಡೆಯುತ್ತಿದ್ದಿತು. ಕ್ರಿ. ಶ. 70ರಲ್ಲಿ ರೋಮನರು ಆ ದೇವಾಲಯವನ್ನು ಸುಟ್ಟು ಕೆಡವಿದರು. ವೇದಿಯು ಹೋಯಿತು, ಬಲಿಯು ನಿಂತಿತು. ಬಲಿಯ ಹೊತ್ತು ಮಾತ್ರ ಉಳಿಯಿತು. ಆ ಹೊತ್ತಿನಲ್ಲಿ ತುಟಿಯಿಂದಾಡುವ ಪ್ರಾರ್ಥನೆಯೇ ಬಲಿಗೆ ಸಮನೆಂದು ಅವರ ಶಾಸ್ತ್ರಜ್ಞರು ವಿಧಿಸಿದರು. ಹೀಗೆ ಬೆಳಗಿನ ಶಹರೀತ್, ಹಗಲಿಳಿದ ಮೇಲಿನ ಮಿನ್‌ಹಾ, ರಾತ್ರಿಯ ಆರ್ವೀತ್ ಎಂಬ ಮೂರು ಹೊತ್ತುಗಳು ಸ್ಥಿರವಾದವು. ದಾನಿಯೇಲನು ಪರದೇಶದ ಸೆರೆಯಲ್ಲಿ ಯೆರೂಸಲೇಮಿನ ಕಡೆಗೆ ಕಿಟಕಿಯನ್ನು ತೆರೆದು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನೆಂಬ ಹಳೆಯ ಕಥೆಯೂ ಈ ಪದ್ಧತಿಗೆ ಬಲವಿತ್ತಿತು.

ಸುಮಾರು ಕ್ರಿ. ಶ. 200ರಲ್ಲಿ ಕ್ರೋಡೀಕೃತವಾದ ಮಿಶ್ನಾ ಎಂಬ ಅವರ ಧರ್ಮಸಂಹಿತೆಯು ಆರಂಭವಾಗುವದೇ ಹೊತ್ತಿನ ಪ್ರಶ್ನೆಯಿಂದ: ಸಂಜೆಯ ಮಂತ್ರಪಾಠವನ್ನು ಯಾವಾಗಿನಿಂದ ಮಾಡತಕ್ಕದ್ದು? ದೇವರಿದ್ದಾನೆಯೋ ಇಲ್ಲವೋ ಎಂಬ ಚರ್ಚೆಗೆ ಆ ಗ್ರಂಥವು ಕೈಹಾಕುವದಿಲ್ಲ. ಯಾವಾಗ ಎಂದಷ್ಟೇ ಕೇಳುತ್ತದೆ. ಬೆಳಗಿನ ಪಾಠಕ್ಕೆ ಅದು ಕೊಡುವ ಗುರುತು ಮನೋಹರವಾದದ್ದು: ನೀಲಿಯ ಎಳೆಯನ್ನೂ ಬಿಳಿಯ ಎಳೆಯನ್ನೂ ಕಣ್ಣು ಬೇರ್ಪಡಿಸಿ ಕಾಣುವಷ್ಟು ಬೆಳಕಾದಾಗ. ಗಮಲಿಯೇಲನೆಂಬ ಆಚಾರ್ಯನ ಮಕ್ಕಳು ಔತಣದ ಮನೆಯಿಂದ ಅಪರಾತ್ರಿಯಲ್ಲಿ ಬಂದು, ತಾವಿನ್ನೂ ಸಂಜೆಯ ಪಾಠವನ್ನು ಮಾಡಿಲ್ಲವೆಂದು ತಂದೆಯ ಮುಂದೆ ಒಪ್ಪಿಕೊಂಡರಂತೆ. ಅರುಣೋದಯವಾಗಿಲ್ಲವಾದರೆ ಈಗಲೂ ಮಾಡತಕ್ಕದ್ದೆಂದು ಆತನು ಹೇಳಿದನು. ಶಾಸ್ತ್ರವು ಬಿಗಿಯಾಗಿದ್ದರೂ ತಂದೆಯ ಮನಸ್ಸು ಸಡಿಲವಾಗಿದ್ದಿತು.

ಅವರ ಗಂಟೆಯು ನಮ್ಮ ಗಡಿಯಾರದ ಗಂಟೆಯಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದ ವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡಿದರೆ ಒಂದು ಪಾಲೇ ಒಂದು ಗಂಟೆ. ಯೆರೂಸಲೇಮಿನಲ್ಲಿ ಈ ಗಂಟೆಯು ಬೇಸಗೆಯಲ್ಲಿ ಸುಮಾರು 71 ನಿಮಿಷಗಳಿಗೆ ಹಿಗ್ಗಿ, ಚಳಿಗಾಲದಲ್ಲಿ 50 ನಿಮಿಷಗಳಿಗೆ ಕುಗ್ಗುವದು. ವಿಜಯಪುರದ ಅಕ್ಷಾಂಶದಲ್ಲಾದರೆ ಅದು 65 ಮತ್ತು 55 ನಿಮಿಷಗಳ ನಡುವೆ ಆಡುವದು. ಹೊತ್ತಿನ ಪ್ರಾರ್ಥನೆಗೆ ನಮ್ಮ ಸೂರ್ಯನು ಹೆಚ್ಚು ನಂಬಿಕಸ್ಥನೆನ್ನಬಹುದು.

ಮೊದಲಿನ ಕ್ರೈಸ್ತರು ಯೆಹೂದ್ಯರೇ ಆಗಿದ್ದುದರಿಂದ ಅದೇ ಹೊತ್ತುಗಳನ್ನು ಅನುಸರಿಸಿದರು. ಪೇತ್ರ ಯೋಹಾನರು ದೇವಾಲಯಕ್ಕೆ ಹೋದದ್ದು ಒಂಬತ್ತನೆಯ ಗಂಟೆಗೆ, ಅಂದರೆ ಇಳಿಹೊತ್ತಿಗೆ. ಪೇತ್ರನು ಮಾಳಿಗೆಯೇರಿದ್ದು ಆರನೆಯ ಗಂಟೆಗೆ, ಅಂದರೆ ನಡುಹಗಲಿಗೆ. ಮುಂದೆ ಮಠವಾಸಿಗಳು ಈ ಪದ್ಧತಿಯನ್ನು ಬೆಳೆಸಿದರು. ದಿನಕ್ಕೆ ಏಳು ಸಲ ಸ್ತುತಿಸುವ ಮಾತು ದಾವೀದನ ಕೀರ್ತನೆಗಳಲ್ಲಿಯೇ ಇದೆ. ಅದನ್ನು ಆಧರಿಸಿ ಇಟಲಿಯ ಸಂತ ಬೆನೆಡಿಕ್ಟನು ಆರನೆಯ ಶತಮಾನದಲ್ಲಿ ಹಗಲಿಗೆ ಏಳು, ರಾತ್ರಿಗೆ ಒಂದು ಜಾವವನ್ನು ಗೊತ್ತುಪಡಿಸಿ, 150 ಕೀರ್ತನೆಗಳೂ ವಾರಕ್ಕೊಮ್ಮೆ ಮುಗಿಯುವಂತೆ ಹಂಚಿದನು. ಉತ್ತರ ಯುರೋಪಿನ ಮೋಡ ಕವಿದ ಹಗಲಿನಲ್ಲಿ ಸೂರ್ಯನನ್ನು ನಂಬುವಂತಿದ್ದಿಲ್ಲವಾದ ಕಾರಣ ಮಠಗಳು ಗಂಟೆ ಬಾರಿಸಿ ಹೊತ್ತನ್ನು ಸಾರಿದವು. ಇಂಗ್ಲಿಷಿನಲ್ಲಿ ಗಡಿಯಾರಕ್ಕಿರುವ ‘ಕ್ಲಾಕ್’ ಎಂಬ ಹೆಸರು ಬಾರಿಸುವ ಗಂಟೆಯಿಂದಲೇ ಬಂದದ್ದು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವರ ಮುಂದೆ ತೂಗುವದೂ ಗಂಟೆಯೇ, ಹೊತ್ತಿನ ಅಳತೆಯೂ ಗಂಟೆಯೇ.

ಇನ್ನು ನಮ್ಮ ನಾಡಿನ ಕಡೆಗೆ ಬರಬಹುದು. ಟ್ಯುನೀಶಿಯಾ ದೇಶದ ಮಹ್‌ದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು 1132ರ ವೇಳೆಗೆ ಮಂಗಳೂರಿಗೆ ಬಂದು ನೆಲೆಸಿದನು. ವಿಜಯಪುರದ ಸೀಮೆಯ ಬಾಗೇವಾಡಿಯ ಬಸವಣ್ಣನವರ ಜನನವನ್ನು ಹಲವರು ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ ಇಡುವರೆಂಬದನ್ನು ನೆನೆದರೆ ಕಾಲದ ಅಂದಾಜು ಸಿಕ್ಕೀತು. ಆತನು 1132ರ ಅಕ್ಟೋಬರ 17ರಂದು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಅವಳೇ ಆತನ ಮಕ್ಕಳ ತಾಯಿಯೆಂದು ವಿದ್ವಾಂಸರು ತಿಳಿಯುತ್ತಾರೆ. ಕಂಚಿನ ಪಾತ್ರೆಗಳ ಕಾರಖಾನೆಯನ್ನು ನಡೆಯಿಸಿ, ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹುತ್ತ 1149ರ ವರೆಗೆ ಈ ಕರಾವಳಿಯಲ್ಲಿದ್ದನು. ದೇವರ ನಾಮವಿರಬಹುದಾದ ಕಾಗದವನ್ನು ಹರಿದೊಗೆಯಬಾರದೆಂಬ ಆಚಾರವು ಯೆಹೂದ್ಯರಲ್ಲಿರುವದರಿಂದ ಆತನ ಪತ್ರಗಳು ಕೈರೋದ ಹಳೆಯ ಪ್ರಾರ್ಥನಾಮಂದಿರದ ಉಗ್ರಾಣದಲ್ಲಿ ಏಳುನೂರು ವರ್ಷಗಳಿಗಿಂತ ಹೆಚ್ಚು ಕಾಲ ಉಳಿದು ವಿದ್ವಾಂಸರ ಕೈಸೇರಿದವು.

ಅಂತಹವನಿಗೆ ಮಂಗಳೂರಿನಲ್ಲಿ ಹೊತ್ತು ತಿಳಿಯುವದು ಕಷ್ಟವಲ್ಲ. ಸಮುದ್ರದಲ್ಲಿ ಸೂರ್ಯನು ಮುಳುಗುವದು ಅಂಗಳದಿಂದಲೇ ಕಾಣುವದು. ಕಷ್ಟವು ಬೇರೆ. ಒಬ್ಬೊಂಟಿಗನು ಪ್ರಾರ್ಥಿಸಬಹುದು, ಆದರೆ ಹತ್ತು ಮಂದಿ ಪ್ರಾಯದ ಗಂಡಸರು ಕೂಡದೆ ಪ್ರಾರ್ಥನೆಯ ಕೆಲವು ಪವಿತ್ರ ಭಾಗಗಳನ್ನು ಉಚ್ಚರಿಸುವಂತಿಲ್ಲ, ಸತ್ತ ತಂದೆತಾಯಿಗಳಿಗಾಗಿ ಹೇಳುವ ಕದ್ದೀಶೂ ಅದರಲ್ಲಿ ಸೇರಿದೆ. ಇದು ಯೆಹೂದ್ಯರ ಸಾಂಪ್ರದಾಯಿಕ ನಿಯಮ. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಹತ್ತು ಜನರ ಲೆಕ್ಕವೆಂದರೆ ಬರಿಯ ಲೆಕ್ಕವಲ್ಲ. ಸೂರ್ಯನು ಎಲ್ಲ ಊರಿಗೂ ಬರುವನು, ನೆರೆಯವರು ಬರುವದಿಲ್ಲ.

ಕ್ರೈಸ್ತರ ಜಾವಗಳು ನಮ್ಮ ಒಳನಾಡಿಗೆ ಬಂದದ್ದು ಗೋವೆಯ ಮಾರ್ಗದಿಂದ. ಹದಿನಾರನೆಯ ಶತಮಾನದಲ್ಲಿ ಆದಿಲ್‌ಶಾಹಿ ರಾಜ್ಯದ ಮುದಗಲ್ಲಿನಲ್ಲಿ ಕಥೋಲಿಕ ಸಮುದಾಯವೊಂದು ನೆಲೆಗೊಂಡಿತು. ಮಸೀದಿಯಲ್ಲಿ ಐದು ಹೊತ್ತು ನಮಾಜು ಮಾಡುವ ಅರಸೊತ್ತಿಗೆಯೇ ಆ ಇಗರ್ಜಿಗೆ ಇನಾಮು ಕೊಟ್ಟದ್ದು ನೆನೆಯತಕ್ಕ ಮಾತು. ಆದರೂ ಮಠದ ಸಾಮೂಹಿಕ ಗಾನವು ಈ ಸಂಚಾರಿ ಪಾದ್ರಿಗಳೊಡನೆ ಬರಲಿಲ್ಲ. 1540ರಲ್ಲಿ ಮಾನ್ಯತೆ ಪಡೆದ ಜೆಸುಯಿಟರ ಸಂಘವು ಕೂಡಿ ಹಾಡುವ ಕಟ್ಟಳೆಯನ್ನೇ ಕೈಬಿಟ್ಟಿದ್ದಿತು, ತಿರುಗಾಡುವ ಕೆಲಸಕ್ಕೆ ಅದು ಅಡ್ಡಿಯೆಂದು. 1649ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಲಿಯೊನಾರ್ಡೊ ಚಿನ್ನಾಮಿಯಂತಹವರು ಲತೀನ ಜಪಪುಸ್ತಕವನ್ನು ತೆರೆದು ತಮ್ಮ ಪಾಲಿನ ಜಾವಗಳನ್ನು ತಾವೇ ಓದಿಕೊಳ್ಳಬೇಕಾಗಿದ್ದಿತು. ಮಠದಲ್ಲಿ ಹಾಡಾಗಿದ್ದದ್ದು ದಾರಿಯಲ್ಲಿ ಪುಸ್ತಕವಾಯಿತು.

ಹಾಡಿಗೆ ಮನೆ ಬೇಕು. ಅಂತಹ ಮನೆಯು 1870ರಲ್ಲಿ ಮಂಗಳೂರಿನಲ್ಲಾಯಿತು. ಫ್ರಾನ್ಸಿನ ಪೋ ಪಟ್ಟಣದಿಂದ ಹೊರಟ ಕಾರ್ಮೆಲ್ ಮಠದ ಸಂನ್ಯಾಸಿನಿಯರಲ್ಲಿ ಮೂವರು ಮಂಗಳೂರನ್ನು ಮುಟ್ಟುವ ಮೊದಲೇ ತೀರಿಕೊಂಡರು. ಉಳಿದವರು ಗೋಡೆಯೊಳಗಣ ವ್ರತವನ್ನು ಹಿಡಿದು ಜಾವಗಳನ್ನು ನಡೆಯಿಸಿದರು. ಅವರೊಳಗೊಬ್ಬಳು ಮರಿಯಂ ಬವಾರ್ದಿ, ನಜರೇತಿನ ಸಮೀಪದ ಗಲಿಲಾಯದ ಹಳ್ಳಿಯವಳು. 1871ರ ನವೆಂಬರದಲ್ಲಿ ಮಂಗಳೂರಿನಲ್ಲಿಯೇ ಅವಳ ವ್ರತಸ್ವೀಕಾರವಾಯಿತು. 2015ರಲ್ಲಿ ಸಂತಳೆಂದು ಸಾರಲ್ಪಟ್ಟಳು. ಓದುಬರಹ ಅಷ್ಟಾಗಿ ಬಾರದ ಅವಳು ಮಠದ ಕೆಲಸದ ಸೋದರಿಯರ ಪಂಗಡಕ್ಕೆ ಸೇರಿದವಳು. ಅಂತಹವರಿಗಾಗಿ ಕಾರ್ಮೆಲಿನ ಹದಿಮೂರನೆಯ ಶತಮಾನದ ನಿಯಮದಲ್ಲಿಯೇ ದಾರಿಯಿದೆ: ಕೀರ್ತನೆಗಳನ್ನು ಓದಲಾರದವರು ರಾತ್ರಿಯ ಜಾವಕ್ಕೆ 25, ಸಂಜೆಗೆ 15, ಉಳಿದ ಜಾವಗಳಿಗೆ ಏಳೇಳು ಸಲ ಕರ್ತನ ಪ್ರಾರ್ಥನೆಯನ್ನು ಹೇಳತಕ್ಕದ್ದು. ಅಕ್ಷರವಿಲ್ಲದವರಿಗೆ ಎಣಿಕೆಯೇ ಗ್ರಂಥ. ಜಪಮಾಲೆ ಹಿಡಿದು ಜಗಲಿಯಲ್ಲಿ ಕೂಡುವ ಅಜ್ಜಿಯರನ್ನು ಕಂಡ ಮನೆಗಳಿಗೆ ಇದು ಹೊಸದಾಗಿ ತೋರದು. ಗಂಡಸರ ಮಠವು ಬಂದದ್ದು ಬಹಳ ತಡವಾಗಿ. ಬೆಂಗಳೂರಿನ ಕೆಂಗೇರಿಯ ಬಳಿಯ ಆಶೀರ್ವನದ ಬೆನೆಡಿಕ್ಟೀನರು 1957ರಲ್ಲಿ ಅಲ್ಲಿ ನೆಲೆಸಿದರು.

ಪ್ರೊಟೆಸ್ಟೆಂಟರು ಜಾವಗಳನ್ನು ಇಳಿಸಿದರು. ಇಂಗ್ಲೆಂಡಿನ 1549ರ ಪ್ರಾರ್ಥನಾಗ್ರಂಥವು ಎಂಟನ್ನು ಎರಡಕ್ಕೆ ತಂದಿತು. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಶನ್ನಿನವರಲ್ಲಿ ಅದು ಮನೆಮನೆಯ ಬೆಳಗು ಸಂಜೆಗಳ ಪಾಠವಾಯಿತು. ಮನೆಯ ಹಿರಿಯನೇ ಪುರೋಹಿತನಾಗಿ ಕನ್ನಡ ಬೈಬಲ್ಲನ್ನು ಓದಬೇಕು. ಅವರ ನೇಯ್ಗೆಯ ಹಾಗೂ ಹಂಚಿನ ಕಾರಖಾನೆಗಳಲ್ಲಿ ದಿನದ ಕೆಲಸವು ಪ್ರಾರ್ಥನೆಯಿಂದ ಮೊದಲಾಗುತ್ತಿದ್ದಿತು. ಬಾರಿಸಿದ ಗಂಟೆಯು ದೇವರಿಗೋ ಕೂಲಿಗೋ ಎಂಬದನ್ನು ಬಿಡಿಸಿ ಹೇಳುವದು ಕೆಲಸಗಾರನಿಗೆ ಸುಲಭವಾಗಿರಲಾರದು. ತಡವಾದರೆ ಮೊದಲನೆಯದಕ್ಕೆ ಕ್ಷಮೆಯಿದೆ, ಗಮಲಿಯೇಲನ ಮಕ್ಕಳಿಗಿದ್ದಂತೆ, ಎರಡನೆಯದಕ್ಕಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಮಿಶನ್ನು ವಿಜಯಪುರದಲ್ಲಿಯೂ ಠಾಣ್ಯ ಹೂಡಿತು. ಸ್ವಲ್ಪದರಲ್ಲಿಯೇ ದೇಶಕ್ಕೆಲ್ಲ ಒಂದೇ ಗಡಿಯಾರವೂ ಬಂದಿತು. 1906ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣಕಾಲಕ್ಕಿಂತ ವಿಜಯಪುರದ ಸೂರ್ಯನು ಸರಾಸರಿ 27 ನಿಮಿಷ ಹಿಂದೆ. ಗಡಿಯಾರವು ಹನ್ನೆರಡು ಹೊಡೆದಾಗ ಇಟ್ಟಂಗಿಹಾಳದ ಹೊಲದಲ್ಲಿ ನೆರಳು ಇನ್ನೂ ಕಾಲ ಬುಡಕ್ಕೆ ಬಂದಿರುವದಿಲ್ಲ. ಪೇತ್ರನ ಆರನೆಯ ಗಂಟೆಗೆ ಅಲ್ಲಿ ಸುಮಾರು ಹನ್ನೆರಡೂವರೆಯಾಗುವದು.